ಇಲ್ಲದ ಮೋಡದ ಲೆಕ್ಕ

ಸೋಯ್‌ಬುಯಿ, ಫರ್ಗಾನಾ ಕಣಿವೆ
೪ ಜೂನ್ ೧೯೯೮

ಮುಅತ್ತರ್ ಮಗಳೇ,

ಸಲಾಂ. ನಿನ್ನ ಆರೋಗ್ಯ, ನಿನ್ನ ಗಂಡನ ಆರೋಗ್ಯ, ತಾಷ್ಕೆಂಟಿನ ಟ್ರಾಮ್ ಗಾಡಿಯ ಆರೋಗ್ಯ ಎಲ್ಲಾ ವಿಚಾರಿಸಿದ್ದೀನಿ ಅಂತ ತಿಳ್ಕೊ. ಇಲ್ಲಿ ನಿನ್ನ ಸೋದರಮಾವನಾದ ನಾನು ಕ್ಷೇಮ, ನಿನ್ನ ಅತ್ತೆ ಅನೋರ್‌ಖೋನ್ ಕ್ಷೇಮ, ನಿನ್ನಮ್ಮ ಹೋಜರ್ ಮಾತ್ರ ಕೋಪ.

ಇದರ ಜೊತೆ ಹತ್ತು ದಿನದ ಲೆಕ್ಕ ಇಟ್ಟಿದ್ದೀನಿ. ದಿನಕ್ಕೆ ಎರಡೇ ಅಂಕಿ. ಹಗಲು ಎಷ್ಟು ಕಾಯ್ತು, ರಾತ್ರಿ ಎಷ್ಟು ಆರ್ತು. ಹವಾಮಾನ ಠಾಣೆ ಇದ್ದ ಕಾಲದಲ್ಲಿ ಗಾಳಿ ಅಳೆಯೋ ಬಟ್ಟಲುಗಳು ಗಿರಗಿರ ತಿರುಗ್ತಿದ್ವು, ಬಿಸಿಲು ಅಳೆಯೋ ಗಾಜಿನ ಗುಂಡು ಫಳಫಳ ಅಂತಿತ್ತು. ಠಾಣೆ ಮುಚ್ಚಿದ್ಮೇಲೆ ಆ ಬಟ್ಟಲುಗಳು ಯಾರ ಮನೇಲೋ ಮೊಸರಿಗೆ ಹೆಪ್ಪು ಹಾಕ್ಕೊಂಡು ಕೂತಿವೆ. ಉಳಿದಿರೋದು ಮರದ ಪೆಟ್ಟಿಗೇಲಿರೋ ಎರಡು ಥರ್ಮಾಮೀಟರು, ಮತ್ತೆ ನಾನು. ಅವುಗಳಲ್ಲಿ ಪಾದರಸ ಇದೆ. ನನ್ನಲ್ಲಿ ಪಾದ ಇದೆ, ರಸ ಒಣಗಿದೆ.

ಇಷ್ಟರಿಂದ್ಲೇ ಬೆಳೆ ದಿನಕ್ಕೆ ಎಷ್ಟು ನೀರನ್ನ ಆವಿ ಮಾಡಿ ಕಳ್ಕೊಳ್ಳುತ್ತೆ ಅಂತ ನೀನು ನೀರಾವರಿ ಕಚೇರೀಲಿ ಕೂತಲ್ಲೇ ಹೇಳ್ತೀಯಂತೆ, ಅಷ್ಟೇ ನೀರನ್ನ ನಮ್ಮ ತೂಬಿಗೆ ಬಿಡ್ತಾರಂತೆ. ಸಂತೋಷ. ಆದ್ರೆ ಈ ಸಲದ ಪಾಳಿ ನೀರು ಕಾಲುವೆಯ ಕೊನೇ ಹೊಲ ಮುಟ್ಟೋ ಹೊತ್ತಿಗೆ ಕಪ್ಪೆ ಕಾಲು ತೊಳೆಯೋಕೂ ಸಾಕಾಗ್ಲಿಲ್ಲ. ಕೊನೇ ಹೊಲ ನಿನ್ನಮ್ಮಂದು. ಸಾಮೂಹಿಕ ಫಾರ್ಮು ಒಡೆದು ಹಂಚಿದಾಗ ಈ ಊರಲ್ಲಿ ಹೆಂಗಸಿನ ಹೆಸರಿಗೆ ಬಿದ್ದಿದ್ದು ಅದೊಂದೇ ತುಂಡು. ಶರದೃತುವಲ್ಲಿ ಒಪ್ಪಂದದಷ್ಟು ಹತ್ತಿ ಒಪ್ಪಿಸದಿದ್ರೆ ನೆಲ ವಾಪಸ್. ಊರಿನ ಅಧ್ಯಕ್ಷ ಸೋಬಿರನ ಅಳಿಯ ಆಗ್ಲೇ ಬದುವಿನ ಮೇಲೆ ನಿಂತು ಹೆಜ್ಜೆ ಹಾಕಿ ಅಳೀತಾ ಇರ್ತಾನೆ.

ಸ್ವಲ್ಪ ನೋಡು.

ಗಂಟಲಲ್ಲೂ ನೀರಿಲ್ಲದ ನೀರುಗಂಟಿ,
ನಿನ್ನ ತುರ್ದಿಮತ್ ಮಾವ


ತಾಷ್ಕೆಂಟ್
೧೬ ಜೂನ್ ೧೯೯೮

ಪೂಜ್ಯ ಮಾವನವರಿಗೆ,

ನಿಮ್ಮ ಪತ್ರ ಮತ್ತು ಅಂಕಿಗಳು ತಲುಪಿದವು. ದಯವಿಟ್ಟು ಅಂಕಿಗಳ ಪಕ್ಕದಲ್ಲಿ ಕತ್ತೆಯ ಚಿತ್ರ ಬರೆಯಬೇಡಿ. ನಮ್ಮ ಸಾಹೇಬರು ಅದು ಯಾವ ಯಂತ್ರದ ಗುರುತು ಎಂದು ಕೇಳಿದರು. ಪಕ್ಕದ ಮೇಜಿನವರು ಅದು ಸಾಹೇಬರ ಭಾವಚಿತ್ರ ಎಂದರು. ನಗು ನಿಲ್ಲಿಸುವಷ್ಟರಲ್ಲಿ ನನಗೆ ಸಾಕಾಯಿತು.

ಲೆಕ್ಕ ಹೇಗೆಂದು ಹೇಳುತ್ತೇನೆ. ಸೂರ್ಯ ಯಾವ ತಿಂಗಳಲ್ಲಿ ಯಾವ ಊರಿನ ಮೇಲೆ ಎಷ್ಟು ಶಾಖ ಸುರಿಯುತ್ತಾನೆ ಎಂಬುದು ಪುಸ್ತಕದಲ್ಲಿದೆ. ಅದರಲ್ಲಿ ನೆಲ ಮುಟ್ಟಿದ್ದು ಎಷ್ಟು ಎನ್ನುವುದಕ್ಕೆ ಹಗಲು ರಾತ್ರಿಗಳ ಅಂತರವೇ ಸಾಕ್ಷಿ. ಆಕಾಶ ತಿಳಿಯಾಗಿದ್ದರೆ ಹಗಲು ಕಾಯುತ್ತದೆ, ರಾತ್ರಿ ಆರುತ್ತದೆ, ಅಂತರ ಹಿಗ್ಗುತ್ತದೆ. ಮೋಡವಿದ್ದರೆ ಅಂತರ ಕುಗ್ಗುತ್ತದೆ. ಬಿಸಿಲು, ಗಾಳಿ ಅಳೆಯುವ ಉಪಕರಣಗಳೆಲ್ಲ ಹಾಳಾದ ಈ ಕಾಲದಲ್ಲಿ ಇದಕ್ಕಿಂತ ಸರಳ ದಾರಿ ಇಲ್ಲ. ಈ ವಿಧಾನವನ್ನು ಕಚೇರಿಯಲ್ಲಿ ಒಪ್ಪಿಸಲು ಎರಡು ವರ್ಷ ಹೋರಾಡಿದ್ದೇನೆ.

ನಿಮ್ಮ ಅಂಕಿಗಳಿಂದ ಬಂದಷ್ಟು ನೀರನ್ನು ಬಿಟ್ಟಿದ್ದಾರೆ. ಅಮ್ಮನ ಹೊಲ ಎಂದು ನನಗೆ ಗೊತ್ತಿಲ್ಲವೇ? ಅದಕ್ಕಾಗಿಯೇ ಒಂದು ಬಕೆಟ್ ಕೂಡ ಹೆಚ್ಚಿಗೆ ಬರೆಯಲಾರೆ. ಸಾಹೇಬರು ಮೊನ್ನೆ, "ಸೋಯ್‌ಬುಯಿ ನಿಮ್ಮ ತವರೂರಲ್ಲವೇನಮ್ಮಾ?" ಎಂದು ಕೇಳಿ ಕನ್ನಡಕದ ಮೇಲಿಂದ ನೋಡಿದರು. ಅಂಕಿ ಹೇಳಿದಷ್ಟು, ಅಷ್ಟೇ.

ನಿಮ್ಮ
ಮುಅತ್ತರ್


ಸೋಯ್‌ಬುಯಿ
೨೯ ಜೂನ್

ಮಗಳೇ,

ಕತ್ತೆ ಬಿಟ್ಟಿದ್ದೀನಿ. ಮೇಯೋಕೆ ಹೋಗಿದೆ, ಹಸಿರು ಸಿಕ್ಕಿದ್ರೆ ವಾಪಸ್ ಬರುತ್ತೆ.

ಪಾಳಿ ನೀರು ಮತ್ತೆ ಕಮ್ಮಿ. ಮೇಲಿನ ಹೊಲದವರು ಕದ್ರು ಅಂತ ಅನ್ಕೋಬೇಡ, ನಾನೇ ಗುದ್ದಲಿ ಹಿಡ್ಕೊಂಡು ತೂಬಿನಿಂದ ಕೊನೇವರೆಗೂ ನಡೆದೆ. ಬಿಟ್ಟಿದ್ದೇ ಕಮ್ಮಿ. ಈ ಕಾಲುವೆಗೆ ಅರ್ಧ ಆಯುಷ್ಯ ನೀರುಗಂಟಿ ಆಗಿದ್ದೀನಿ, ಮರಳಿನ ಮೇಲೆ ನೀರಿನ ಗುರುತು ನೋಡಿದ್ರೆ ಗೊತ್ತಾಗುತ್ತೆ.

ನಿನ್ನಮ್ಮ ಬದುವಿನ ಮೇಲೆ ಕೂತಿದ್ಲು. "ಅಣ್ಣಾ, ನಿನ್ನ ಸೊಸೆ ಏನಂತಾಳೆ?" ಅಂದ್ಲು.

"ಲೆಕ್ಕ ಸರಿ ಇದೆ ಅಂತಾಳೆ."

"ಲೆಕ್ಕ ಸರಿ ಇದ್ರೆ ಎಲೆ ಯಾಕೆ ಬೆಳಿಗ್ಗೆ ಟೀ ಹೊತ್ತಿಗೇ ಕಿವಿ ಜೋತಾಕುತ್ತೆ?"

"ಎಲೆಗೆ ಓದು ಬರಲ್ಲ ಕಣೆ, ನಿನ್ನ ಮಗಳ ಸೂತ್ರ ಅದಕ್ಕೆ ಗೊತ್ತಿಲ್ಲ."

ಅವಳು ನಗ್ಲಿಲ್ಲ. ನಿನ್ನಮ್ಮ ಹುಟ್ಟಿದಾಗ ಎಲ್ಲಾ ಮಕ್ಕಳ ಥರ ಅತ್ತಿದ್ದು ನೆನಪಿದೆ, ನಕ್ಕಿದ್ದು ಮಾತ್ರ ನೆನಪಿಲ್ಲ. "ಹೂ ಬಿಡೋ ಹೊತ್ತು ಬರ್ತಿದೆ. ಈಗ ಬಾಡಿದ್ರೆ ಮೊಗ್ಗು ಉದುರುತ್ತೆ. ಮೊಗ್ಗು ಉದುರಿದ್ರೆ ಕಾಯಿ ಎಲ್ಲಿಂದ ತರ್ಲಿ, ತಾಷ್ಕೆಂಟಿಂದ್ಲಾ?" ಅಂದ್ಲು.

ಸೂತ್ರ ಅಂದ್ರೆ ನನಗೆ ಗಾಳಿಪಟದ ಸೂತ್ರ ಗೊತ್ತು. ಮೇಲಿರೋದು ಎಷ್ಟೇ ಚೆನ್ನಾಗಿ ಹಾರ್ಲಿ, ಕೆಳಗೆ ಹಿಡ್ಕೊಂಡೋನ ಕೈ ಕೊಯ್ಯೋದು ಅದೇ. ನಂಗೆ ಕೊಯ್ತಾ ಇದೆ ಮಗಳೇ.

ಅಂಕಿ ಜೊತೆಗಿದೆ. ಒಂದೂ ತಪ್ಪಿಲ್ಲ.

ತುರ್ದಿಮತ್ ಮಾವ


ತಾಷ್ಕೆಂಟ್
೧೦ ಜುಲೈ

ಮಾವನವರಿಗೆ,

ನಿಮ್ಮ ಅಂಕಿಗಳನ್ನು ಮೂರು ಸಲ ಲೆಕ್ಕ ಹಾಕಿದೆ. ಪ್ರತಿ ಸಲವೂ ಅವು ಒಂದೇ ಮಾತು ಹೇಳುತ್ತವೆ: ಸೋಯ್‌ಬುಯಿಯ ಮೇಲೆ ಮೋಡ ಕವಿದಿದೆ. ಹಗಲು ಮೂವತ್ತಮೂರು ಮೂವತ್ತನಾಲ್ಕು ದಾಟುವುದಿಲ್ಲ. ಅಂತರ ಬಹಳ ಸಣ್ಣದು. ಕಣಿವೆಯ ಬೇರೆ ಯಾವ ಊರಿನಲ್ಲೂ ಹೀಗಿಲ್ಲ.

ಹಾಗಾಗಿ ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ತಮಾಷೆಯೇ? ಹಿಂದೊಮ್ಮೆ ಮೇ ತಿಂಗಳಲ್ಲಿ ಪಾಪ್ಲರ್ ಮರದ ಅರಳೆ ಹಾರಾಡಿದ್ದಕ್ಕೆ "ಭಾರೀ ಹಿಮಪಾತ, ಕುರಿಗಳು ಕಾಣಿಸುತ್ತಿಲ್ಲ" ಎಂದು ಠಾಣೆಯಿಂದ ತಂತಿ ಕಳಿಸಿದವರು ನೀವು. ಆ ತಂತಿಯನ್ನು ಇಲ್ಲಿ ಇನ್ನೂ ಗೋಡೆಗೆ ಅಂಟಿಸಿಟ್ಟಿದ್ದಾರೆ. ನಾನು ನಿಮ್ಮ ಸೊಸೆ ಎಂದು ಗೊತ್ತಾದ ದಿನದಿಂದ ನನ್ನನ್ನು ಕುರಿ ಕಾಣಿಸಿತೇ ಎಂದು ಕೇಳದವರಿಲ್ಲ.

ಅಂಕಿಗಳನ್ನು ಪೆಟ್ಟಿಗೆಯ ಮುಂದೆ ನಿಂತು ಬರೆಯುತ್ತಿದ್ದೀರಾ, ಮಂಚದ ಮೇಲೆ ಮಲಗಿ ಬರೆಯುತ್ತಿದ್ದೀರಾ? ಅಮ್ಮನ ನೆಲದ ವಿಷಯ ಇದು. ಈ ಒಂದು ಬೇಸಿಗೆಯಾದರೂ ನಿಜ ಬರೆಯಿರಿ.

ಮುಅತ್ತರ್


ಸೋಯ್‌ಬುಯಿ
೧೪ ಜುಲೈ

ಮುಅತ್ತರ್,

ಮೋಡ ಇಲ್ಲ. ಟೋಪಿಯಷ್ಟು ಅಗಲದ್ದೂ ಇಲ್ಲ. ಇಲ್ಲಿ ಇರೋದು ಒಬ್ಬ ಮೂಢ, ಅವನು ದಿನಾ ಎರಡು ಸಲ ಕನ್ನಡಕ ಒರೆಸ್ಕೊಂಡು, ಪೆಟ್ಟಿಗೆ ಬಾಗಿಲು ತೆಗೆದು, ಉಸಿರು ಬಿಗಿಹಿಡಿದು ಅಂಕಿ ಓದ್ತಾನೆ. ಉಸಿರು ತಾಗಿದ್ರೆ ಕಾದೀತು ಅಂತ ನೀನೇ ಬರೆದಿದ್ದೆ.

ಜೀವಮಾನ ಪೂರ್ತಿ ಸುಳ್ಳು ಹೇಳಿ ಊರು ನಗಿಸಿದೆ, ಎಲ್ರೂ ನಂಬಿದ್ರು. ಈಗ ಮೊದಲನೇ ಸಲ ಪ್ರಾಮಾಣಿಕ ಆಗಿದ್ದೀನಿ, ನನ್ನ ಸೊಸೆಯೇ ನಂಬಲ್ಲ. ಹಿಂಗಂತ ಗೊತ್ತಿದ್ರೆ ಸುಳ್ಳನ್ನೇ ಬರೀತಿದ್ದೆ, ನಿನ್ನಮ್ಮನಿಗೆ ನೀರಾದ್ರೂ ಸಿಗ್ತಿತ್ತು.

ಹೊಲದ ಕೆಳಭಾಗದಲ್ಲಿ ಮೊಗ್ಗು ಉದುರೋಕೆ ಶುರು ಆಗಿದೆ. ಹೋಜರ್ ಅವನ್ನ ಲಂಗದ ಮಡಿಲಲ್ಲಿ ಆರಿಸ್ಕೊಂಡು ಬಂದು ನನ್ನ ಊಟದ ಬಟ್ಟೆ ಮೇಲೆ, ರೊಟ್ಟಿ ಪಕ್ಕಕ್ಕೆ ಸುರಿದ್ಲು. 

ತುರ್ದಿಮತ್


ತಾಷ್ಕೆಂಟ್
೨೫ ಜುಲೈ

ಮಾವನವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮನ್ನು ನಂಬುತ್ತೇನೆ. ಆದರೆ ನಂಬಿದರೆ ನನ್ನ ವಿಧಾನ ಸುಳ್ಳು, ವಿಧಾನ ನಂಬಿದರೆ ನೀವು ಸುಳ್ಳು. 

ಒಂದು ಸಂದೇಹ. ಥರ್ಮಾಮೀಟರುಗಳು ಹಳೆಯವು, ಕೆಟ್ಟಿರಬಹುದು. ಗಾಜಿನೊಳಗೆ ಪಾದರಸದ ಎಳೆ ತುಂಡಾಗಿದೆಯೇ ನೋಡಿ. ಪೆಟ್ಟಿಗೆಯ ಬಿಳಿ ಬಣ್ಣ ಹೋಗಿದೆಯೇ ನೋಡಿ. ಉಳಿದಂತೆ ನಾನು ವಸಂತದಲ್ಲಿ ಬರೆದು ಕಳಿಸಿದ ಸೂಚನೆಯನ್ನು ಪಾಲಿಸುತ್ತಿದ್ದೀರಿ ಎಂದು ತಿಳಿದಿದ್ದೇನೆ: ನೆರಳಿನಲ್ಲಿ, ಎದೆಯೆತ್ತರದಲ್ಲಿ, ಉತ್ತರಕ್ಕೆ ಬಾಗಿಲು.

ಅಮ್ಮನಿಗೆ ನಾನು ಕೇಳಿದೆ ಎಂದು ಹೇಳಿ. ಬೇಡ, ಹೇಳಬೇಡಿ.

ಮುಅತ್ತರ್


ಸೋಯ್‌ಬುಯಿ
೩೦ ಜುಲೈ

ಮಗಳೇ,

ನಿನ್ನ ಕಾಗದ ಬಂದ ದಿನವೇ ನಿನ್ನಮ್ಮ ಜಗಳಕ್ಕೆ ಬಂದ್ಲು. ಬಿಸಿಲು ನೆತ್ತಿ ಮೇಲಿತ್ತು, ಮುಖ ಇಟ್ಟಿಗೆ ಆಗಿತ್ತು. ಅಂಗಳದ ದ್ರಾಕ್ಷಿ ಚಪ್ಪರದ ಕೆಳಗಿನ ಮಂಚದ ಮೇಲೆ ಕೂತ್ಲು. ಬೈಯೋಕೆ ಬಾಯಿ ತೆಗೆದೋಳು ಚಪ್ಪರದ ಕಡೆ ತಲೆ ಎತ್ತಿದ್ಲು.

"ಅಣ್ಣಾ, ಇಲ್ಲಿ ಏನಿಷ್ಟು ತಂಪು?"

"ಚಪ್ಪರ ಅಂದ್ಮೇಲೆ ತಂಪಿರಲ್ವಾ? ಟೀ ಕುಡಿ, ಆಮೇಲೆ ಬೈ."

ಅಷ್ಟರಲ್ಲಿ ನಿನ್ನತ್ತೆ ಬಕೆಟ್ ಹಿಡ್ಕೊಂಡು ಬಂದು, "ಹೋಜರ್, ಕಾಲೆತ್ತಮ್ಮಾ," ಅಂತ ಕೈಯಿಂದ ನೀರು ಚಿಮುಕಿಸಿದ್ಲು. ನಿಂಗೆ ಗೊತ್ತಲ್ಲ, ಬೆಳಿಗ್ಗೆ ಒಂದ್ಸಲ, ನಡು ಹಗಲು ಒಂದ್ಸಲ, ಸಂಜೆ ಒಂದ್ಸಲ ಅಂಗಳಕ್ಕೆ ನೀರು ಹಾಕಿ ಗುಡಿಸದಿದ್ರೆ ಅವಳಿಗೆ ಮನೆ ಅಂತ ಅನ್ನಿಸಲ್ಲ. ಈ ಕಡೆ ಯಾವ ಹೆಂಗಸಿಗೆ ಅನ್ನಿಸುತ್ತೆ? ನೆಲ ಒದ್ದೆ, ಗೋಡೆ ಒದ್ದೆ. ಕೊನೇ ಬೊಗಸೆ ಕಂಬದ ಪೆಟ್ಟಿಗೆ ಮೇಲೆ.

"ಇದೇನು ಗೂಡು? ಕೋಳೀದಾ?" ಅಂದ್ಲು ನಿನ್ನಮ್ಮ.

"ಬಾಯ್ಮುಚ್ಚೆ, ಅದು ಸರ್ಕಾರದ ಥರ್ಮಾಮೀಟರು. ಬಯಲಲ್ಲಿದ್ರೆ ಆಡು ಬಂದು ಉಜ್ಜುತ್ತೆ, ಸೌದೆಗೆ ಅಂತ ಮರದ ಪಟ್ಟಿ ಕಿತ್ಕೊಂಡು ಹೋಗ್ತಾರೆ. ಅದಕ್ಕೇ ವಸಂತದಲ್ಲಿ ಮನೇಗೆ ತಂದೆ. ನೆರಳಲ್ಲಿಡಿ ಅಂತ ನಿನ್ನ ಮಗಳೇ ಬರೆದಿದ್ಲು. ನಮ್ಮ ಚಪ್ಪರದಂಥ ನೆರಳು ಇಡೀ ಕಣಿವೇಲಿ ಎಲ್ಲಿದೆ ಹೇಳು?"

ಅವಳು ನನ್ನೇ ನೋಡಿದ್ಲು. ಆಮೇಲೆ ಬಕೆಟ್ ನೋಡಿದ್ಲು. ಆಮೇಲೆ ಪೆಟ್ಟಿಗೆ.

"ಇದಾ ನನ್ನ ಹೊಲದ ಸೆಕೆ ಅಳೆಯೋದು?" ಅಂದ್ಲು ಮೆಲ್ಲಗೆ. "ನನ್ನ ಹತ್ತಿ ಚಪ್ಪರದ ಕೆಳಗೆ ಬೆಳೀತಿದ್ಯಾ ಅಣ್ಣಾ? ಅತ್ತಿಗೆ ದಿನಾ ಮೂರು ಸಲ ಅದಕ್ಕೆ ನೀರು ಚಿಮುಕಿಸ್ತಾಳಾ?"

ನಿನ್ನತ್ತೆ ಬಕೆಟ್ ಕೆಳಗಿಟ್ಟು ಅಳೋಕೆ ಶುರು ಮಾಡಿದ್ಲು.  

ಹೋಜರ್ ಪೆಟ್ಟಿಗೆ ಕಿತ್ತು ಹೆಗಲ ಮೇಲೆ ಹಾಕ್ಕೊಂಡು ನೆಟ್ಟಗೆ ಹಳೇ ಠಾಣೆಯ ಬಯಲಿಗೆ ಹೋದ್ಲು. ಅಲ್ಲೇ ನಿಲ್ಲಿಸಿ, ಸುತ್ತ ಜಾಲಿ ಮುಳ್ಳು ಹಾಕಿ, ಆಡು ಬಂದ್ರೆ ಅಟ್ಟೋಕೆ ಕೋಲು ಹಿಡ್ಕೊಂಡು ಕೂತ್ಲು. ಮಾರನೇ ದಿನ ನಲವತ್ತೊಂದು. ಚಪ್ಪರದಲ್ಲಿ ಹಿಂದಿನ ದಿನ ಮೂವತ್ತನಾಲ್ಕು.

ನಿನ್ನ ಮೋಡ ಸಿಕ್ತು ಮಗಳೇ. ನಿನ್ನತ್ತೆ ಬಕೆಟಲ್ಲಿತ್ತು.

ಹೊಸ ಅಂಕಿ ಜೊತೆಗಿದೆ. ಬೇಗ ನೀರು ಬಿಡ್ಸು.

ತುರ್ದಿಮತ್ ಮಾವ


ತಾಷ್ಕೆಂಟ್
೬ ಆಗಸ್ಟ್

ಮಾವ,

ನೆರಳು ಎಂದರೆ ಪೆಟ್ಟಿಗೆಯೇ ನೆರಳು. ಪೆಟ್ಟಿಗೆಯನ್ನು ಬಯಲಿನಲ್ಲಿಟ್ಟು ಥರ್ಮಾಮೀಟರನ್ನು ಪೆಟ್ಟಿಗೆಯ ನೆರಳಿನಲ್ಲಿಡಿ ಎಂದು ನಾನು ಬರೆಯಬೇಕಿತ್ತು. ನನಗೆ ಇದು ಎಷ್ಟು ಸಹಜವಾಗಿತ್ತೆಂದರೆ ಬರೆಯುವ ಅಗತ್ಯವೇ ಕಾಣಲಿಲ್ಲ. ಪೆಟ್ಟಿಗೆ ಎಲ್ಲಿದೆ ಎಂದು ಒಂದು ಸಲವೂ ಕೇಳಲಿಲ್ಲ. ಅತ್ತೆ ಅಳುವುದು ಬೇಡ ಎಂದು ಹೇಳಿ.

ಆದರೆ ಮುಂದಿನದನ್ನೂ ಕೇಳಿ. ಹೊಸ ಅಂಕಿಗಳನ್ನು ಸಾಹೇಬರ ಮುಂದಿಟ್ಟೆ. ಅವರು ಗೋಡೆಯ ಮೇಲಿನ ತಂತಿಯನ್ನು ತೋರಿಸಿ ನಕ್ಕರು.

"ಮೊನ್ನೆವರೆಗೆ ಮೂವತ್ತನಾಲ್ಕು, ಒಂದೇ ದಿನಕ್ಕೆ ನಲವತ್ತೊಂದು! ನಿಮ್ಮ ಮಾವ ಈ ಸಲ ಹಿಮದ ಬದಲು ಬೆಂಕಿ ಸುರಿಸಿದ್ದಾರೆ," ಎಂದರು.

"ಪೆಟ್ಟಿಗೆಯ ಜಾಗ ಬದಲಾಗಿದೆ ಸರ್," ಎಂದೆ.

"ಬದಲಿಸಿದ್ದು ಯಾರು?"

ನನ್ನ ತಾಯಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮಾ, ಅಂಕಿ ಓದುವವರು ತಮಾಷೆಗಾರರು, ಪೆಟ್ಟಿಗೆ ಇಟ್ಟವರು ಹೊಲದ ಒಡತಿ, ಲೆಕ್ಕ ಹಾಕುವವರು ಒಡತಿಯ ಮಗಳು. ನಾನು ಯಾವ ಮುಖ ಇಟ್ಟುಕೊಂಡು ತೂಬು ಎತ್ತಿಸಲಿ? ನಿಮ್ಮ ನೆಂಟನಲ್ಲದ, ಮುದ್ರೆ ಇರುವ ಒಬ್ಬನಾದರೂ ಅಲ್ಲಿ ನಿಂತು ಓದಿ ಸಹಿ ಹಾಕಲಿ."

ಊರಿನಲ್ಲಿ ಮುದ್ರೆ ಇರುವುದು ಸೋಬಿರನೊಬ್ಬನ ಬಳಿ. ಅಮ್ಮನ ಹೊಲ ಒಣಗಲಿ ಎಂದು ಕಾಯುತ್ತಿರುವುದೂ ಅವನೇ. ನನಗೆ ದಾರಿ ಕಾಣುತ್ತಿಲ್ಲ.

ಮುಅತ್ತರ್


ಸೋಯ್‌ಬುಯಿ
೧೧ ಆಗಸ್ಟ್

ಮುಅತ್ತರ್ ಮಗಳೇ, ಕಣ್ಣೇ,

ಈ ಕಾಗದ ಅಂಚೆಗೆ ಹಾಕಿಲ್ಲ, ತಾಷ್ಕೆಂಟಿಗೆ ಕಲ್ಲಂಗಡಿ ತಗೊಂಡು ಹೊರಟ ಲಾರಿಯವನ ಕೈಗೆ ಕೊಟ್ಟಿದ್ದೀನಿ. ಒಳಗೆ ಸೋಬಿರನ ಸಹಿ ಇದೆ, ಮುದ್ರೆ ಇದೆ. ಉಗುಳು ಹಚ್ಚಿ ಒತ್ತಿದ್ದಾನೆ, ಜೋಪಾನ.

ಹೆಂಗೆ ಅಂತೀಯಾ? ಚಹಾ ಅಂಗಡೀಲಿ ಎಲ್ರೂ ಕೂತಿದ್ದಾಗ ನಾನು ತಲೆ ತಗ್ಗಿಸ್ಕೊಂಡು ಹೋದೆ. "ಅಧ್ಯಕ್ಷರೇ, ಮಾನ ಹೋಯ್ತು. ತಾಷ್ಕೆಂಟಿನವರು ನನ್ನ ಅಂಕಿ ಸುಳ್ಳು ಅಂತಿದ್ದಾರೆ. ಹೋಜರ್ ಜಾಸ್ತಿ ನೀರಿಗೋಸ್ಕರ ಸೆಕೆ ಏರ್ಸಿ ಬರೆಸ್ತಿದ್ದಾಳಂತೆ. ಯಾರಾದ್ರೂ ದೊಡ್ಡವರು ಬಂದು ಪರೀಕ್ಷೆ ಮಾಡಿ ಮುದ್ರೆ ಹಾಕಿದ್ರೆ ನಮ್ಮ ಬಣ್ಣ ಬಯಲಾಗುತ್ತಂತೆ," ಅಂದೆ.

ಬಣ್ಣ ಬಯಲಾಗುತ್ತೆ ಅಂದ ತಕ್ಷಣ ಸೋಬಿರ್ ಬಯಲಿಗೆ ಹೊರಟೇಬಿಟ್ಟ! ಟೀ ಅರ್ಧ ಬಿಟ್ಟ. ಸಾಕ್ಷಿಗೆ ಅಂತ ಅಂಗಡೀಲಿದ್ದ ಗಡ್ಡದವರನ್ನೆಲ್ಲಾ ಎಬ್ಬಿಸ್ಕೊಂಡ.

"ಮೂವತ್ತೈದರ ಮೇಲೆ ಇದ್ರೆ ನನ್ನ ಹೆಸರು ಬದಲಾಯಿಸ್ತೀನಿ," ಅಂತ ದಾರಿ ಉದ್ದಕ್ಕೂ ಕೂಗಿದ.

ಬಯಲು ಕಾದ ಬಾಣಲೆ. ಅವನೇ ಪೆಟ್ಟಿಗೆ ತೆಗೆದ, ಅವನೇ ಬಗ್ಗಿದ, ಅವನೇ ಗಟ್ಟಿಯಾಗಿ ಓದಿದ: "ನಲವತ್ತು…" ಅಲ್ಲಿಗೆ ನಿಂತ.

"ಮುಂದೆ ಇದ್ಯಲ್ಲ ಅಧ್ಯಕ್ಷರೇ?" ಅಂದೆ.

"…ಎರಡು," ಅಂದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ತಿತ್ತು.

ಮುದುಕರೆಲ್ಲಾ, "ನಲವತ್ತೆರಡು, ನಲವತ್ತೆರಡು," ಅಂತ ಗಡ್ಡ ಸವರ್ಕೊಂಡ್ರು. ಅಷ್ಟು ಜನರ ಮುಂದೆ ಓದಿದ್ಮೇಲೆ ಮುದ್ರೆ ಹಾಕದೆ ಎಲ್ಲಿ ಹೋಗ್ತಾನೆ? ಹೊಸ ಹೆಸರು ಏನಿಡೋಣ ಅಂತ ನಾನು ಕೇಳ್ಲಿಲ್ಲ. ನಂಗೂ ವಯಸ್ಸಾಯ್ತು, ಸ್ವಲ್ಪ ಗಾಂಭೀರ್ಯ ಬಂದಿದೆ. ಊರವರೇ ಇಟ್ಟಿದ್ದಾರೆ, ಕಾಗದದಲ್ಲಿ ಬರೆಯೋ ಹಾಗಿಲ್ಲ.

ಓಡು ಮಗಳೇ. ಹೊಲದ ಕೆಳಭಾಗ ಹೋಯ್ತು ಅಂತ ತಿಳ್ಕೊ. ಮೇಲ್ಭಾಗ ಇನ್ನೂ ಉಸಿರಾಡ್ತಿದೆ.

ನಿನ್ನ ಮಾವ


ತಾಷ್ಕೆಂಟ್
೧೭ ಆಗಸ್ಟ್

ಮಾವನವರಿಗೆ, ಅಮ್ಮನಿಗೆ,

ತೂಬಿನ ಆದೇಶ ಇಂದು ಹೊರಟಿತು. ಮುದ್ರೆ ನೋಡಿದ ಮೇಲೆ ಸಾಹೇಬರು ಒಪ್ಪಿದರು. ಆದರೂ ಮೂರು ದಿನ ಇಟ್ಟುಕೊಂಡರು. ಮುದ್ರೆಯ ಮೇಲೆ ಉಗುಳಿನ ಕಲೆ ಏಕಿದೆ ಎಂದು ವಿಚಾರಣೆ ನಡೆಯಿತು.

ವಸಂತದಿಂದ ಕಳಿಸಿದ ಲೆಕ್ಕವೆಲ್ಲ ತಪ್ಪು, ಸೂಚನೆ ಬರೆದವಳು ನಾನು ಎಂದು ಬರೆದುಕೊಟ್ಟಿದ್ದೇನೆ. ವಿಧಾನದ ವರದಿಯಿಂದ ನನ್ನ ಹೆಸರನ್ನು ತೆಗೆದಿದ್ದಾರೆ. ಬೇರೆ ಊರುಗಳಲ್ಲಿ ಪೆಟ್ಟಿಗೆಗಳು ಎಲ್ಲೆಲ್ಲಿವೆ ಎಂದು ನೋಡಿ ಬರಲು ಯಾರನ್ನಾದರೂ ಕಳಿಸಿ ಎಂದು ಕೇಳಿದೆ. ಬಸ್ಸಿನ ಖರ್ಚಿಗೆ ಅವಕಾಶವಿಲ್ಲವಂತೆ.

ಅಮ್ಮಾ, ಮೊಗ್ಗು ಉದುರಿದ ಆ ವಾರಗಳಲ್ಲಿ ನಾನು ಇಲ್ಲಿ ಕೂತು ನಿನ್ನ ಹೊಲದ ಮೇಲೆ ಮೋಡ ಇದೆ ಎಂದು ಬರೆಯುತ್ತಿದ್ದೆ. ಕ್ಷಮಿಸು.

ಮುಅತ್ತರ್


ಸೋಯ್‌ಬುಯಿ
೧೮ ಅಕ್ಟೋಬರ್

ಮುಅತ್ತರ್,

ನಿನ್ನ ಮಾವನಿಗೆ ಬರೆಯೋಕೆ ಕೊಟ್ರೆ ಅದರಲ್ಲಿ ಕತ್ತೆ ಸೇರ್ಸ್ತಾನೆ ಅಂತ ನಾನೇ ಬರೀತಾ ಇದ್ದೀನಿ. ಅಕ್ಷರ ಸೊಟ್ಟ ಇರಬಹುದು.

ಆಗಸ್ಟಿನಲ್ಲಿ ನೀರು ಬಂತು, ಕೊನೇವರೆಗೂ ಬಂತು. ಮೇಲ್ಭಾಗದ ಹತ್ತಿ ಚೆನ್ನಾಗೇ ಬಿರೀತು. ನಾನು, ಅನೋರ್‌ಖೋನ್ ಅತ್ತಿಗೆ ಇಬ್ಬರೇ ಬಿಡಿಸಿ ಮುಗಿಸಿದ್ವಿ. ಕೆಳಭಾಗದ್ದು ಒಣಗಿದ ಕಡ್ಡಿ, ಒಲೆಗೆ ಹಾಕಿದೆ.

ನಿನ್ನೆ ಸಮಿತಿ ಬಂದಿತ್ತು. ಸೋಬಿರನೂ ಇದ್ದ, ನನ್ನ ಮುಖ ನೋಡ್ಲಿಲ್ಲ. ಒಪ್ಪಂದದಷ್ಟು ಹತ್ತಿ ಆಗಿಲ್ಲ ಅಂದ್ರು. ನೀರು ಕೊಡದೆ ಹತ್ತಿ ಕೇಳ್ತೀರಾ ಅಂದೆ. ಅದು ತಾಷ್ಕೆಂಟಿನ ತಪ್ಪು, ನಮ್ಮದಲ್ಲ ಅಂದ್ರು. ತಾಷ್ಕೆಂಟ್ ತಪ್ಪು ಒಪ್ಕೊಂಡು ಬರೆದುಕೊಟ್ಟಿದೆ, ನನ್ನ ಮಗಳೇ ಬರೆದಿದ್ದಾಳೆ ಅಂದೆ. ಆ ಕಾಗದ ನಮಗೆ ಬಂದಿಲ್ಲ ಅಂದ್ರು. ಕೊನೆಗೆ ಒಣಗಿದ ಕೆಳಭಾಗ ಕಿತ್ಕೊಂಡು ಸೋಬಿರನ ಅಳಿಯನಿಗೆ ಬರೆದ್ರು. ಮೇಲ್ಭಾಗ ನನ್ನ ಹೆಸರಲ್ಲೇ ಉಳೀತು. ಅಣ್ಣ ಅಲ್ಲೇ ಏನೋ ಕುಚೋದ್ಯ ಮಾಡೋಕೆ ಹೊರಟ, ನಾನು ಕಣ್ಣು ಬಿಟ್ಟೆ, ಸುಮ್ಮನಾದ.

ಆಗಸ್ಟಿನಿಂದ ನಿನ್ನ ಕ್ಷಮೆ ಕಾಗದ ನಾಲ್ಕು ಬಂದಿವೆ. ಸಾಕು. ನೀನು ತಪ್ಪು ಒಪ್ಕೊಂಡು ಬರೆದುಕೊಟ್ಟೆ ಅಂದ್ಯಲ್ಲ, ಅದರ ಪ್ರತಿ ಕಳಿಸು, ಆಫೀಸಿನ ಮುದ್ರೆ ಇರಬೇಕು. ಕೆಳಭಾಗ ವಾಪಸ್ ಕೇಳೋಕೆ ಅರ್ಜೀನೂ ನೀನೇ ಬರೆದು ಕಳಿಸು. ಚಳಿಗಾಲ ಮುಗಿಯೋದ್ರೊಳಗೆ ಬರಲಿ, ವಸಂತದಲ್ಲಿ ಅವನು ಉತ್ತುಬಿಟ್ರೆ ಕಷ್ಟ. ಕೆಳಗೆ ಸಹಿಗೆ ಜಾಗ ಬಿಡು. ನಾನು ಹಾಕ್ತೀನಿ.

ಅಮ್ಮ